ಒಂಬತ್ತನೇ ಫರ್ಸಿ

ಶಹಾಬಾದಿನ ಜನರಿಗೆ ಮಣ್ಣಿನ ಮೇಲೆ ಹಳೆಯ ಸಿಟ್ಟು. ನೆಲ ಅಗೆದರೆ ಕಲ್ಲು ಸಿಗುವ ಊರು ಅದು. ಹಾಳೆ ಹಾಳೆಯಾಗಿ ಎದ್ದು ಬರುವ ಬೂದುಬಣ್ಣದ ಫರ್ಸಿ. ಮನೆಗೆ ಸ್ವಲ್ಪ ಅನುಕೂಲವಾಯಿತೆಂದರೆ ಮೊದಲು ಅಡುಗೆಮನೆಗೆ ಫರ್ಸಿ, ಆಮೇಲೆ ಪಡಸಾಲೆಗೆ, ಆಮೇಲೆ ಅಂಗಳಕ್ಕೆ, ಕೊನೆಗೆ ಬಾಗಿಲ ಮುಂದಿನ ಗಟಾರದ ಅಂಚಿನವರೆಗೂ ಫರ್ಸಿ. ಪಾಲಿಶ್ ಮಶಿನ್ನುಗಳಿಂದ ಎದ್ದ ಬಿಳಿಪುಡಿ ಹಗಲೆಲ್ಲ ಹಾರಿ ಬಂದು ಅದರ ಮೇಲೆ ಕೂರುತ್ತದೆ. ಹೆಂಗಸರು ಬಯ್ಯುತ್ತ ನೀರು ಸುರಿದು ತೊಳೆಯುತ್ತಾರೆ. ತೊಳೆದ ಕಲ್ಲು ಒಣಗುವ ಹೊತ್ತಿಗೆ ಮತ್ತೆ ಪುಡಿ. ಕಾಲಿಗೆ ಮಣ್ಣು ಹತ್ತದಂತೆ ಬದುಕುವುದನ್ನೇ ಆ ಊರು ಏಳಿಗೆ ಎಂದು ಕರೆಯುತ್ತದೆ.

ಅಂಥ ಊರಿನಲ್ಲಿ, ಶರಣಬಸಮ್ಮನ ಮನೆಯ ಅಂಗಳದಿಂದ ಒಂಬತ್ತು ಫರ್ಸಿ ಕಿತ್ತು ಗೋಡೆಗೆ ಒರಗಿಸಿದವಳು ಚಂದ್ರಕಲಾ. ಅವಳ ಪರವಾಗಿ ಮಾತಾಡಲು ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲವೆಂದರೆ ಆಶ್ಚರ್ಯಪಡಬೇಕಾಗಿಲ್ಲ.

ಚಂದ್ರಕಲಾ ಭಂಕೂರದವಳು. ಅವಳ ಹಿರಿಯರು ಕಾಗಿಣಾ ಹೊಳೆಯಲ್ಲಿ ದೋಣಿಗೆ ಹುಟ್ಟು ಹಾಕಿದವರು. ಅಜ್ಜನ ಕಾಲಕ್ಕೆ ಹೊಳೆ ಬಿಟ್ಟು ಕಲ್ಲಿಗೆ ಬಂದರು. ಅಪ್ಪ ಅಯ್ಯಪ್ಪ ಫರ್ಸಿ ಹಾಸುವ ಗೌಂಡಿ. ಅವನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ ಎಂದು ಜನ ಹೇಳುತ್ತಿದ್ದರು. ಆರನೇ ವಯಸ್ಸಿನಿಂದ ಮಗಳು ಅವನ ಹಿಂದೆ ಹೋಗಿ ದಾರದ ಒಂದು ತುದಿ ಹಿಡಿದಿದ್ದಾಳೆ, ನೀರಿನ ಪೈಪಿನ ಒಂದು ಬಾಯಿ ಹಿಡಿದು ಮಟ್ಟ ನೋಡಿದ್ದಾಳೆ. ಅಪ್ಪ ಹಟ ಮಾಡಿ ಓದಿಸಿದ. ಮದುವೆಯಾಗಿ ಎರಡು ವರ್ಷಕ್ಕೆ ವಾಪಸು ಬಂದಳು. ಆ ಮಾತು ಎತ್ತಿದವರನ್ನು ಅವಳು ನೋಡುವ ರೀತಿಗೆ, ಎರಡನೇ ಸಲ ಯಾರೂ ಎತ್ತುವುದಿಲ್ಲ. ಮೆತ್ತನೆಯ ಹೆಂಗಸಲ್ಲ ಅವಳು. ಮಕ್ಕಳ ಎದುರಿಗೆ ಬಿಟ್ಟರೆ ಉಳಿದವರ ಎದುರಿಗೆ ನಗುವುದು ಅವಳಿಗೆ ಬರುವುದಿಲ್ಲ.

ಮಕ್ಕಳ ಎದುರಿಗೆ ನಗುವುದನ್ನೂ ಅವಳು ತಡವಾಗಿ ಕಲಿತಳು. ಹನ್ನೆರಡು ವರ್ಷ ಊರಿನ ಒಂದು ಕಾನ್ವೆಂಟಿನಲ್ಲಿ ನರ್ಸರಿಗೆ ಪಾಠ ಹೇಳಿದವಳು. ಪಾಠವೆಂದರೆ ಮೂರು ವರ್ಷದ ಕೂಸುಗಳನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಪುಟ ತುಂಬ ಒಂದೇ ಅಕ್ಷರ ಬರೆಸುವುದು. ಬರೆಯದ ಕೂಸಿಗೆ, 'ಕೈ ಚಾಚು.' ಕಟ್ಟಿಗೆಯ ಸ್ಕೇಲು. ಎಲ್ಲರೂ ಮಾಡುತ್ತಿದ್ದರು, ಅವಳೂ ಮಾಡಿದಳು. ಒಂದು ದಿನ ಆಟೋ ಓಡಿಸುವ ಅಬ್ದುಲ್ ಮಜೀದನ ಮಗಳು ಮಹೆವಿಶ ಎಂಬ ಕೂಸು, ಬೆಳಿಗ್ಗೆ ಗೇಟಿನೊಳಗೆ ಬಂದದ್ದೇ, ಯಾರೂ ಕೇಳದೆ ಇದ್ದರೂ ಅಂಗೈ ಮೇಲೆ ಮಾಡಿ ಚಾಚಿ, ಕಣ್ಣು ಗಟ್ಟಿ ಮುಚ್ಚಿ ನಿಂತಿತು.

"ಅಕ್ಕೋರ, ಈಗೇ ಹೊಡದುಬಿಡ್ರಿ. ಆಮ್ಯಾಲ ನಾ ಆಡ್ತೀನಿ."

ಅಳಲಿಲ್ಲ ಅದು. ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಸಹಜವಾಗಿ ಕೇಳಿತು. ಚಂದ್ರಕಲಾ ಆ ತಿಂಗಳೇ ಕೆಲಸ ಬಿಟ್ಟಳು. ಯಾಕೆ ಬಿಟ್ಟೆ ಎಂದು ತಮ್ಮ ಅಣವೀರ ಎಷ್ಟು ಕೇಳಿದರೂ ಹೇಳಲಿಲ್ಲ.

ಒಂದು ವರ್ಷ ಬೇರೆ ಊರುಗಳಲ್ಲಿ ತಿರುಗಿ, ಆಡಿಸಿ ಕಲಿಸುವ ಶಾಲೆಗಳನ್ನು ನೋಡಿ ಬಂದು, ಶರಣಬಸಮ್ಮನ ಮನೆಯ ಮುಂದಿನ ಎರಡು ಕೋಣೆ ಮತ್ತು ಅಂಗಳ ಬಾಡಿಗೆ ಹಿಡಿದು ಬೋರ್ಡು ಬರೆಸಿದಳು: 'ಅಂಗಳ ಶಿಶುವಿಹಾರ'. ಅಲ್ಲಿ ಪೆನ್ಸಿಲ್ಲಿಲ್ಲ, ಪಾಟಿಯಿಲ್ಲ. ಕಟ್ಟಿಗೆಯ ತುಂಡುಗಳು, ಹಳೆಯ ತಗಡಿನ ಡಬ್ಬಿ, ನೀರಿನ ಬೋಗುಣಿ, ಗೋಣಿಚೀಲ, ಹುಣಸೆಬೀಜ. ಹದಿನಾಲ್ಕು ಮಕ್ಕಳು. ಅವು ಬೆಳಗಿನಿಂದ ಮಧ್ಯಾಹ್ನದವರೆಗೆ ಹುಣಸೆಬೀಜವನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸುರಿಯುತ್ತ, ಅಂಗಡಿ ಇಡುತ್ತ, ಜಗಳಾಡುತ್ತ, ರಾಜಿಯಾಗುತ್ತ ಇದ್ದವು.

ಶರಣಬಸಮ್ಮನಿಗೆ ಇದು ಶಾಲೆಯೆಂದು ಅನ್ನಿಸಲೇ ಇಲ್ಲ. ಅರವತ್ತು ದಾಟಿದ ಹೆಂಗಸು. ಹಣೆಗೆ ಮೂರು ಬೆರಳ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಕೈಯಲ್ಲಿ ಸದಾ ಒಂದು ಬಕೀಟು. ಬಾಗಿಲ ಮೇಲೆ ಬಸವಣ್ಣನ ಫೋಟೋ, ಬಾಗಿಲ ಕೆಳಗೆ ಕನ್ನಡಿಯಂಥ ಫರ್ಸಿ. ಆ ಫರ್ಸಿ ಹಾಸಿದವನು ಇದೇ ಅಯ್ಯಪ್ಪ, ಮೂವತ್ತಾರು ವರ್ಷಗಳ ಹಿಂದೆ. ಅದಕ್ಕೇ ಆಕೆ ಮನೆ ಕೊಟ್ಟದ್ದು. ಅಯ್ಯಪ್ಪನ ಮಗಳು ನೆಲಕ್ಕೆ ಮರ್ಯಾದೆ ಕೊಟ್ಟಾಳು ಎಂಬ ನಂಬಿಕೆಯಿಂದ.

ಆಕೆಯ ಮೊಮ್ಮಗಳು, ಮೂರೂವರೆ ವರ್ಷದ ದಾನೇಶ್ವರಿ, ಚಂದ್ರಕಲಾ ಬಿಟ್ಟುಬಂದ ಕಾನ್ವೆಂಟಿಗೇ ವ್ಯಾನಿನಲ್ಲಿ ಹೋಗುತ್ತಿತ್ತು. ಕೊರಳಿಗೆ ಟೈ, ಕಾಲಿಗೆ ಕರಿ ಬೂಟು. ರಜೆಯ ದಿನ ಕಿಟಕಿಯ ಸರಳು ಹಿಡಿದು ಅಂಗಳದ ಮಕ್ಕಳನ್ನು ನೋಡುತ್ತಿತ್ತು. ಚಂದ್ರಕಲಾ ಒಮ್ಮೆ ಬಾ ಎಂದು ಕೈ ಮಾಡಿದಾಗ ಶರಣಬಸಮ್ಮ ಕಿಟಕಿಯನ್ನೇ ಹಾಕಿಕೊಂಡಳು.

"ನಮ್ಮ ಕೂಸು ಓದೋ ಕೂಸು. ಅದರ ತಲ್ಯಾಗ ಹುಣಸಿಬೀಜ ತುಂಬಬ್ಯಾಡ."

ಜಗಳ ಶುರುವಾದದ್ದು ಜೂನ್ ತಿಂಗಳ ಒಂದು ಬುಧವಾರ. ಕಿರಾಣಿ ಅಂಗಡಿಯ ಸಿದ್ಧಲಿಂಗನ ಮಗ ನೀರು ಬಿದ್ದ ಫರ್ಸಿಯ ಮೇಲೆ ಓಡಿ ಜಾರಿ ಗದ್ದ ಒಡೆದುಕೊಂಡ. ಮೂರು ಹೊಲಿಗೆ. ಸಿದ್ಧಲಿಂಗ ಅಂಗಡಿಯ ಶಟರ್ ಅರ್ಧಕ್ಕೆ ಇಳಿಸಿ ಬಂದು ಅಂಗಳದ ನಡುವೆ ನಿಂತ.

"ಅಕ್ಕೋರ, ಮೂರು ತಿಂಗಳಾತು. ನನ್ನ ಮಗಗ ಒಂದು ಅಕ್ಷರ ಬಂದಿಲ್ಲ. ಹೊಲಿಗಿ ಮಾತ್ರ ಮೂರು ಬಂದಾವ."

"ಬಿದ್ದಾನ್ರಿ ಸಾವಕಾರ್ರ, ಕೂಸು ಅಂದ ಮ್ಯಾಲ ಬೀಳ್ತದ."

"ಬೀಳಾಕ ನನ್ನ ಅಂಗಡಿ ಮೆಟ್ಟಲ ಇದ್ದುವಲ್ರಿ, ಇಲ್ಲಿಗಿ ಯಾಕ ಕಳಿಸಬೇಕಾಗಿತ್ತು? ಇನ್ನೊಂದು ಹನಿ ರಕ್ತ ಕಂಡ್ರ ನನ್ನ ಮಗ ಒಬ್ಬನೇ ಅಲ್ಲ, ಓಣಿ ಹುಡುಗರು ಒಬ್ಬರೂ ಇಲ್ಲಿಗಿ ಬರಂಗಿಲ್ಲ. ನಾ ಹೇಳಿದ್ರ ಕೇಳ್ತಾರ ಮಂದಿ."

ಕೇಳುತ್ತಾರೆಂದು ಚಂದ್ರಕಲಾಗೂ ಗೊತ್ತಿತ್ತು. ಮಕ್ಕಳು ಹೋದರೆ ಅಂಗಳ ಮುಚ್ಚಿದಂತೆ. ಅಂಗಳ ಮುಚ್ಚಿದರೆ ಅವಳು ಮತ್ತೆ ಯಾವುದೋ ಕಾನ್ವೆಂಟಿನ ಬಾಗಿಲಿಗೆ ಹೋಗಿ ಸ್ಕೇಲು ಹಿಡಿಯಬೇಕು. ಆ ಸಂಜೆ ಅವಳು ಶರಣಬಸಮ್ಮನ ಕಟ್ಟೆಯ ಬಳಿ ಹೋಗಿ ನಿಂತಳು.

"ಅವ್ವಾರ, ಅಂಗಳದ ನಡುವಿಂದ ಮೂಲಿ ತನಕ ಒಂಬತ್ತು ಫರ್ಸಿ ತಗದು ಉಸುಕು ತುಂಬ್ತೀನ್ರಿ. ಬಿದ್ರ ಮೆತ್ತಗ ಇರ್ತದ, ಹುಡುಗರು ಅಗೀತಾವ, ಆಡ್ತಾವ. ನಾ ಬಿಟ್ಟು ಹೋಗೂ ದಿನ ಹ್ಯಾಂಗಿತ್ತೋ ಹಾಂಗೇ ಹಾಸಿಕೊಡ್ತೀನಿ. ನಮ್ಮಪ್ಪನ ಕೆಲಸ ನನಗ ಬರ್ತದ."

ಶರಣಬಸಮ್ಮ ಬಕೀಟು ಕೆಳಗಿಟ್ಟಳು. ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದಳು, ಹುಚ್ಚು ಹಿಡಿದಿದೆಯೋ ಎಂದು ಪರೀಕ್ಷಿಸುವವಳಂತೆ.

"ಹೊಳಿ ದಂಡಿ ಮಂದಿಗೆ ಕೆಸರಂದ್ರ ಭಾಳ ಪ್ರೀತಿ ಅಂತ ಕೇಳಿದ್ದೆ. ಇವತ್ತು ಕಂಡೆ. ಇಡೀ ಊರು ಮಣ್ಣು ಮುಚ್ಚಾಕತ್ತದ, ನೀ ತಗೀತೀನಿ ಅಂತಿ. ಒಂದು ಫರ್ಸಿಗೆ ಕೈ ಹಚ್ಚಿದೆಂದ್ರ ನಿನ್ನ ಡಬ್ಬಿ ಚೀಲ ಎಲ್ಲಾ ರೋಡಿನ ಮ್ಯಾಲ."

ಚಂದ್ರಕಲಾ ಬಾಗಿಲ ಮೇಲಿನ ಫೋಟೋದ ಕಡೆ ಒಮ್ಮೆ ನೋಡಿದಳು, ಆಮೇಲೆ ಆಕೆಯನ್ನು. "ಆ ಫೋಟೋದ ಕೆಳಗ ನಿಂತು ಯಾವ ದಂಡಿ ಮಂದಿ ಅಂತ ಕೇಳೋದು ನಿಮಗ ಶೋಭಾ ಕೊಡಂಗಿಲ್ರಿ ಅವ್ವಾರ" ಎಂದಳು. ಹಾಗೆ ಹೇಳಿದ್ದು ಸರಿಯೇ. ಆದರೆ ಕೆಲಸ ಕೆಟ್ಟಿತು. ಮರುದಿನದಿಂದ ಶರಣಬಸಮ್ಮ ಅವಳ ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟಳು.

ಜುಲೈನಲ್ಲಿ ಶರಣಬಸಮ್ಮ ಚಿಂಚೋಳಿಗೆ ಹೋದಳು, ಮಗಳ ಮನೆಯ ತೊಟ್ಟಿಲ ಕಾರ್ಯಕ್ಕೆ, ಎಂಟು ದಿನ. ಆಕೆಯ ಮಗ ಶಾಂತಕುಮಾರ ವಾಡಿ ಜಂಕ್ಷನ್ನಿನಲ್ಲಿ ಬುಕಿಂಗ್ ಕ್ಲರ್ಕು; ತಾಯಿಯ ಮುಂದೆ ಬಾಯಿ ತೆರೆಯದ ಮನುಷ್ಯ. ಶನಿವಾರ ಸಂಜೆ ಚಂದ್ರಕಲಾ ಅಪ್ಪನ ಕಬ್ಬಿಣದ ಗಡಾರಿ ಹೆಗಲ ಮೇಲಿಟ್ಟುಕೊಂಡು ಬಂದದ್ದನ್ನು ಅವನು ನೋಡಿದ.

"ಚಂದ್ರಕಲಕ್ಕಾ, ನಾ ಏನೂ ನೋಡಿಲ್ಲ" ಎಂದ.

"ನೋಡೀರಲ್ರಿ, ಕಣ್ಣ ಮುಂದೇ ನಿಂತೀರಿ."

"ಅವ್ವ ಕೇಳಿದ್ರ ನೋಡಿಲ್ಲ ಅಂತೀನಿ. ಅಷ್ಟು ಮಾಡ್ತೀನಿ ನೋಡ್ರಿ ನಿಮ್ಮ ಸಲುವಾಗಿ."

ಅದನ್ನೇ ಒಪ್ಪಿಗೆಯೆಂದು ತಿಳಿದಳು ಅವಳು. ಭಾನುವಾರ ಬೆಳಿಗ್ಗೆ ಸೆರಗು ಸೊಂಟಕ್ಕೆ ಬಿಗಿದು ಅಂಗಳದ ನಡುವಿನ ಮೊದಲ ಕಲ್ಲಿನ ಸಂದಿಗೆ ಗಡಾರಿ ಇಳಿಸಿದಳು. ಅಪ್ಪ ಕಲಿಸಿದಂತೆ, ಕಲ್ಲಿನ ಅಂಚು ಒಂದು ಚೂರೂ ಹಾರದಂತೆ, ಉಸಿರು ಬಿಡುವಷ್ಟು ಮೆಲ್ಲಗೆ. ಎದ್ದ ಕಲ್ಲಿನ ಬೆನ್ನಿಗೆ ಕೆಮ್ಮಣ್ಣಿನಿಂದ ಅಂಕಿ ಬರೆದಳು: ಒಂದು, ಎರಡು, ಮೂರು. ಹೊರಗೆ ಬಂದ ಕ್ರಮ ತಿಳಿದಿದ್ದರೆ ಒಳಗೆ ಹೋಗುವ ಕ್ರಮವೂ ತಿಳಿಯುತ್ತದೆ. ಕೊನೆಗೆ ಎದ್ದದ್ದು ಮೊದಲು ಕೂರಬೇಕು. ಕೆಳಗಿನ ಮಣ್ಣು ತಂಪಾಗಿತ್ತು. ಎಷ್ಟೋ ವರ್ಷಗಳಿಂದ ಬೆಳಕು ಕಾಣದ ಮಣ್ಣು. ಅದರ ವಾಸನೆಗೆ ಅವಳು ಗಡಾರಿ ಬಿಟ್ಟು ಕುಕ್ಕರುಗಾಲಲ್ಲಿ ಕೂತಳು.

ಒಂಬತ್ತನೆಯದು ಗೋಡೆಯ ಮೂಲೆಯದು. ಅದನ್ನು ಎಬ್ಬಿಸಿದಾಗ ಕೆಳಗೆ ಮಣ್ಣಿರಲಿಲ್ಲ. ಸೋಸಿದ ಸಣ್ಣ ಉಸುಕಿತ್ತು. ಬೆರಳಿನಿಂದ ಉಸುಕು ಸರಿಸಿದಳು. ಸಿಮೆಂಟಿನಲ್ಲಿ ಒತ್ತಿದ ಒಂದು ಅಂಗೈ. ಮೂರು ವರ್ಷದ ಕೂಸಿನದು.

ಇದು ಅಯ್ಯಪ್ಪನ ಮನೆತನದ ಗೌಂಡಿಗಳು ಮಾತ್ರ ಮಾಡುತ್ತಿದ್ದ ಪದ್ಧತಿ. ನೆಲ ಹಾಸಲು ಶುರು ಮಾಡುವಾಗ ಮೂಲೆಯಲ್ಲಿ ಒಂದು ಮುಷ್ಟಿ ಗಾರೆ ಬಡಿದು, ಮನೆಯ ಎಲ್ಲಕ್ಕಿಂತ ಸಣ್ಣ ಕೂಸಿನ ಅಂಗೈಗೆ ಎಣ್ಣೆ ಸವರಿ ಅದರಲ್ಲಿ ಒತ್ತಿಸುವುದು. ಅದರ ಮೇಲೆ ಮೊದಲ ಕಲ್ಲು. ಕೂಸಿನ ಕೈ ಹಿಡಿದಿರುವವರೆಗೆ ನೆಲ ಕುಸಿಯುವುದಿಲ್ಲವೆಂದು ನಂಬಿಕೆ. ಆ ಕೈಯನ್ನು ತೆರೆಯಬಾರದು. ತೆರೆದರೆ, ಅದೇ ಮನೆಯ ಹೊಸ ಕೂಸಿನ ಕೈಯಿಟ್ಟೇ ಮುಚ್ಚಬೇಕು, ಅದೇ ಮನೆತನದ ಗೌಂಡಿಯೇ ಮುಚ್ಚಬೇಕು. ಇದೆಲ್ಲ ಚಂದ್ರಕಲಾಗೆ ಬಾಯಿಪಾಠ. ಆದರೆ ಅಪ್ಪ ಯಾವಾಗಲೂ ಪಡಸಾಲೆಯ ಮೂಲೆಯಿಂದ ಶುರು ಮಾಡುತ್ತಿದ್ದ. ಈ ಮನೆಯಲ್ಲಿ ಯಾಕೋ ಅಂಗಳದಿಂದ ಶುರು ಮಾಡಿದ್ದ. ಅಪ್ಪನ ಕೆಲಸ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ಸೊಕ್ಕಿನಲ್ಲಿ ಅವಳು ತಪ್ಪಿದ್ದಳು.

ಮುಚ್ಚಿ ಸುಮ್ಮನಾಗಬಹುದಿತ್ತು. ಆದರೆ ಎಂಟು ಕಲ್ಲುಗಳ ಹೊಂಡ ಎಲ್ಲರಿಗೂ ಕಾಣುವಂತಿತ್ತು, ಮತ್ತು ಅವಳು ಸುಳ್ಳು ಹೇಳುವ ಪೈಕಿ ಅಲ್ಲ. ಅಂಗೈಯ ಮೇಲೆ ಉಸುಕು ಎಳೆದು, ಒಂದು ತಗಡು ಮುಚ್ಚಿ, ಉಳಿದ ಜಾಗಕ್ಕೆ ಕಾಗಿಣೆಯ ಉಸುಕು ತರಿಸಿ ತುಂಬಿದಳು. ಸೋಮವಾರ ಮಕ್ಕಳು ಬಂದು ಅಂಚಿನಲ್ಲಿ ನಿಂತು ನೋಡಿದವು. ಆಮೇಲೆ ಒಂದೇ ಸಲಕ್ಕೆ ಕಿರುಚುತ್ತ ಒಳಗೆ ಬಿದ್ದವು.

ಶರಣಬಸಮ್ಮ ಗುರುವಾರ ಬಂದಳು. ಆಟೋದಿಂದ ಇಳಿದವಳು ಚಪ್ಪಲಿ ಕೂಡ ಬಿಡಲಿಲ್ಲ. ಹೊಂಡ ನೋಡಿದಳು, ಗೋಡೆಗೆ ಒರಗಿದ ಕಲ್ಲುಗಳನ್ನು ನೋಡಿದಳು, ಮೂಲೆಯ ತಗಡು ಎತ್ತಿ ಅದರ ಕೆಳಗಿದ್ದುದನ್ನು ನೋಡಿದಳು. ಅಲ್ಲೇ ಕುಸಿದು ಕೂತಳು. ಕೂತಲ್ಲಿಂದಲೇ ಬಾಯಿ ತೆರೆದಳು. ಓಣಿಯ ಎರಡೂ ತುದಿಯ ಬಾಗಿಲುಗಳು ತೆರೆದುಕೊಂಡವು.

"ನನ್ನ ಶಾಂತೂನ ಕೈ! ನನ್ನ ಮಗನ ಕೈ ಬಯಲಿಗೆ ಇಟ್ಟಾಳ! ನಿಮ್ಮಪ್ಪ ನನ್ನ ತೊಡಿ ಮ್ಯಾಲಿಂದ ಕೂಸಿನ ತಗೊಂಡು ಒತ್ತಿಸಿದ್ದ. ನೀ ಅವನ ಮಗಳೋ, ಅವನ ವೈರಿಯೋ?"

"ಈ ಮೂಲ್ಯಾಗ ಅದ ಅಂತ ಗೊತ್ತಿರಲಿಲ್ರಿ."

"ಗೊತ್ತಿರಲಿಲ್ಲ! ಕಲ್ಲು ಎಬ್ಬಿಸೋದು ಗೊತ್ತಿತ್ತು, ಉಸುಕು ತುಂಬೋದು ಗೊತ್ತಿತ್ತು! ಶಾಂತೂ, ನೀ ಎಲ್ಲಿದ್ದಿ ಆವಾಗ?"

ಶಾಂತಕುಮಾರ ಬಾಗಿಲಲ್ಲಿ ನಿಂತಿದ್ದ. "ನಾ ಏನೂ ನೋಡಿಲ್ಲವ್ವಾ" ಎಂದ. ಕೊಟ್ಟ ಮಾತನ್ನು ಉಳಿಸಿಕೊಂಡ.

ಸಿದ್ಧಲಿಂಗನೂ ಬಂದ. ಮಗನನ್ನು ಉಸುಕಿನಿಂದ ತೋಳು ಹಿಡಿದು ಎಬ್ಬಿಸಿ, ತಲೆಗೂದಲಿನಿಂದ ಉಸುಕು ಕೊಡವುತ್ತ, "ರಕ್ತ ಬ್ಯಾಡ ಅಂದ್ರ ಮಣ್ಣು ತಂದ್ರಿ. ನಾಳಿಗೆ ಮಣ್ಣು ಬ್ಯಾಡ ಅಂದ್ರ ಏನು ತರ್ತೀರೋ ನೋಡಾಕ ನಾ ಇರಂಗಿಲ್ಲ" ಎಂದು ಹೇಳಿ ಕರೆದುಕೊಂಡು ಹೋದ. ಹುಡುಗ ಮುಷ್ಟಿ ಬಿಗಿಹಿಡಿದೇ ಹೋದ. ಮುಷ್ಟಿಯಿಂದ ರಸ್ತೆಯವರೆಗೆ ಉಸುಕು ಸಣ್ಣಗೆ ಸುರಿಯುತ್ತಿತ್ತು. ಅವನ ಹಿಂದೆ ಇನ್ನೂ ನಾಲ್ಕು ಮಕ್ಕಳನ್ನು ಅವುಗಳ ತಂದೆತಾಯಿ ಕರೆದುಕೊಂಡು ಹೋದರು.

ಶರಣಬಸಮ್ಮ ತೀರ್ಪು ಕೊಟ್ಟಳು. ಸೋಮವಾರದೊಳಗೆ ಕೈ ಮುಚ್ಚಬೇಕು, ಪದ್ಧತಿಯಂತೆ, ತನ್ನ ಮೊಮ್ಮಗಳ ಕೈಯಿಟ್ಟು. ಅದರ ಮೇಲೆ ಒಂಬತ್ತೂ ಕಲ್ಲು ಕೂರಬೇಕು. ಕೂತ ಮರುಗಳಿಗೆ ಚಂದ್ರಕಲಾ ತನ್ನ ಬೋರ್ಡು ಬಿಚ್ಚಿಕೊಂಡು ಹೊರಗೆ ಹೋಗಬೇಕು.

ಚಂದ್ರಕಲಾ ಭಂಕೂರಕ್ಕೆ ಹೋಗಿ, ಬಂದು ಕಲ್ಲು ಮುಚ್ಚಿಕೊಡೆಂದು ತಮ್ಮನನ್ನು ಕೇಳಿದಳು. ಅಪ್ಪ ತೀರಿದ ಮೇಲೆ ಅವನೇ ಮನೆತನದ ಗೌಂಡಿ. ಅಣವೀರ ಊಟ ಮಾಡುತ್ತಿದ್ದವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಅಪ್ಪ ಹಾಸಿದ್ದು ನೀ ಕಿತ್ತಿ. ಶಹಾಬಾದಿನ್ಯಾಗ ನನಗ ಕೆಲಸ ಯಾರು ಕೊಡ್ತಾರ ಇನ್ನ? 'ಇವರ ಅಕ್ಕ ಬಂದು ಕೀಳ್ತಾಳ' ಅಂತಾರ ಮಂದಿ. ನಾ ಬರಂಗಿಲ್ಲ. ನಿನಗ ಬರ್ತದಲ್ಲ ಕೆಲಸ, ನೀನೇ ಮಾಡು."

"ಕರಣಿ ಕೊಡ್ತಿಯೋ ಇಲ್ಲೋ?"

"ಮೂಲ್ಯಾಗ ಅದ ನೋಡು. ಅಪ್ಪಂದು." ಮುಖ ಎತ್ತದೆ ಹೇಳಿದ.

ಸೋಮವಾರ ಅವಳು ಶಾಲೆಗೆ ರಜೆ ಕೊಟ್ಟಳು. ಬೆಳಗಿನ ಬಿಸಿಲಿನಲ್ಲಿ ಉಸುಕನ್ನೆಲ್ಲ ಪುಟ್ಟಿಯಿಂದ ಒಂದು ಬದಿಗೆ ತೆಗೆದು, ನೀರಿನ ಪೈಪಿನಿಂದ ಮಟ್ಟ ನೋಡಿದಳು. ಇನ್ನೊಂದು ತುದಿ ಹಿಡಿಯಲು ಯಾರೂ ಇಲ್ಲ. ಗೋಡೆಗೆ ಮೊಳೆ ಬಡಿದು ಕಟ್ಟಿದಳು. ಕಟ್ಟೆಯ ಮೇಲೆ ಶರಣಬಸಮ್ಮ ಕೂತು, ಅವಳ ಒಂದೊಂದು ಚಲನೆಯನ್ನೂ ಕಾಯುತ್ತಿದ್ದಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ದಾರ ಬಿಗಿ ಹಿಡಿ. ನಿಮ್ಮಪ್ಪ ಹೀಂಗ ಸಡಲ ಬಿಡ್ತಿದ್ದಿಲ್ಲ."

"ನಮ್ಮಪ್ಪಗ ಕಟ್ಟಿ ಮ್ಯಾಲ ಕೂತು ಯಾರೂ ಹೇಳಿಕೊಡ್ತಿದ್ದಿಲ್ರಿ."

"ಬಾಯಿ ನೋಡು. ಹೋಗೂ ದಿನ ಸುದ್ದಾ ಬಾಯಿ ಕಡಿಮಿ ಆಗಿಲ್ಲ."

ಮೂಲೆಯಲ್ಲಿ, ಹಳೆಯ ಅಂಗೈಯ ಮೇಲೆ ಒಂದು ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಹೊಸ ಗಾರೆ ಬಡಿದು ಕರಣಿಯಿಂದ ನಯ ಮಾಡಿದಳು ಚಂದ್ರಕಲಾ. ಒಂಬತ್ತನೇ ಕಲ್ಲನ್ನು ಹತ್ತಿರ ಸರಿಸಿಕೊಂಡಳು. ಒಳಗಿನಿಂದ ಶಾಂತಕುಮಾರನ ಹೆಂಡತಿ ಶೈಲಶ್ರೀ ಎಣ್ಣೆಯ ಬಟ್ಟಲು ಹಿಡಿದು ಬಂದಳು, ಜೊತೆಗೆ ದಾನೇಶ್ವರಿ. ಅಂದು ಅದಕ್ಕೆ ಶಾಲೆ ತಪ್ಪಿಸಿದ್ದರು. ಆದರೂ ಬೂಟು ಹಾಕಿಕೊಂಡಿತ್ತು. ಬೂಟಿಲ್ಲದೆ ಅಂಗಳಕ್ಕೆ ಬಂದು ಅದಕ್ಕೆ ರೂಢಿಯೇ ಇರಲಿಲ್ಲ.

"ಬಾ ನನ್ನವ್ವ, ಇಲ್ಲಿ ಕೂಡು" ಎಂದಳು ಶರಣಬಸಮ್ಮ. ಆಕೆಯ ದನಿ ಆ ದಿನ ಮೊದಲ ಸಲ ಮೆತ್ತಗಾಯಿತು. "ಎಲ್ಲಿ, ಕೈ ಚಾಚು ನೋಡೋಣು."

ದಾನೇಶ್ವರಿ ಅಜ್ಜಿಯ ಮುಖ ನೋಡಿತು. ಚಂದ್ರಕಲಾಳ ಕೈಯಲ್ಲಿದ್ದ ಕರಣಿಯ ಕಟ್ಟಿಗೆಯ ಹಿಡಿ ನೋಡಿತು. ನೆಟ್ಟಗೆ ನಿಂತಿತು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯನ್ನು ಮುಂದೆ ಚಾಚಿತು, ಅಂಗೈ ಆಕಾಶಕ್ಕೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು.

"ಹಾಂಗಲ್ಲವ್ವ, ಕೆಳಗ ಮಾಡು ಅಂಗೈ. ಗಾರಿ ಒಳಗ ಇಡಬೇಕು."

ಕೂಸು ಕದಲಲಿಲ್ಲ. ಶೈಲಶ್ರೀ ಬಗ್ಗಿ ಆ ಕೈ ಹಿಡಿದು ತಿರುಗಿಸಲು ಹೋದಳು. ಮುಟ್ಟಿದ ಕೂಡಲೇ ಕೂಸಿನ ಇಡೀ ಮೈ ಒಮ್ಮೆ ಜಗ್ಗಿತು, ಏಟು ಬಿದ್ದಾಗ ಜಗ್ಗುವಂತೆ. ಆದರೂ ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

"ಹೋಂವರ್ಕ್ ಮಾಡೀನ್ರಿ" ಎಂದಿತು, ಕಣ್ಣು ಮುಚ್ಚಿಯೇ. ಯಾರಿಗೆ ಹೇಳಿತೋ. "ಒಂದು ಪುಟ ಉಳದದ್ರಿ. ಒಂದೇ."

ಚಂದ್ರಕಲಾ ಕರಣಿಯನ್ನು ಮೆಲ್ಲಗೆ ಪುಟ್ಟಿಯ ಹಿಂದೆ, ಕೂಸಿಗೆ ಕಾಣದಂತೆ ಇಟ್ಟಳು.

ಶರಣಬಸಮ್ಮ ಸೊಸೆಯ ಕಡೆ ತಿರುಗಿದಳು. "ಇದನ್ನ ಯಾರು ಕಲಿಸ್ಯಾರ ಇದಕ್ಕ? ನೀ ಹೊಡೀತೀ ಏನು?"

"ಇಲ್ರೀ ಅತ್ತಿ. ಸಾಲ್ಯಾಗ..." ಶೈಲಶ್ರೀ ಬಟ್ಟಲನ್ನು ಎದೆಗೆ ಅವುಚಿಕೊಂಡಳು. "ಕೇಳಿದ್ರ ಕೂಸು ಏನೂ ಹೇಳಂಗಿಲ್ರಿ."

"ಸಾಲ್ಯಾಗ ಹೀಂಗೇ ನಿಂದರಸ್ತಾರ್ರಿ ಅವ್ವಾರ" ಎಂದಳು ಚಂದ್ರಕಲಾ. "ಒಂದು ಕೈ ಬೆನ್ನ ಹಿಂದ, ಒಂದು ಕೈ ಮುಂದ. ಹಿಂದಕ್ಕ ತಗದ್ರ ಇನ್ನೊಂದು ಏಟು ಬೀಳ್ತದ. ಅದಕ್ಕೇ ಕೂಸು ತಗೀವಲ್ದು."

"ನಿನಗ ಹ್ಯಾಂಗ ಗೊತ್ತು?"

"ನಾನೂ ಕಲಿಸೀನ್ರಿ. ಇದಕ್ಕಲ್ಲ, ಬ್ಯಾರೆ ಕೂಸುಗಳಿಗೆ. ಹನ್ನೆರಡು ವರ್ಷ."

ತಮ್ಮನಿಗೂ ಹೇಳದ ಮಾತು ಅದು. ಹೇಳಬಾರದ ಜಾಗದಲ್ಲಿ, ಹೇಳಬಾರದವಳ ಮುಂದೆ ಹೇಳಿದ್ದಳು. ಶರಣಬಸಮ್ಮ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಗಾರೆ ಮೆತ್ತಿದ ಕೈಗಳನ್ನು, ಉಸುಕಿನ ಗುಡ್ಡೆಯನ್ನು.

"ಅದಕ್ಕ ಈಗ ನಮ್ಮ ಅಂಗಳ ಅಗದು ಪಾಪ ತೊಳಕೊಳ್ಳಾಕತ್ತೀ?"

"ಹೌದ್ರಿ."

"ತೊಳಕೊಳ್ಳಾಕ ನಿನಗ ನಮ್ಮ ಅಂಗಳೇ ಬೇಕಾಗಿತ್ತೇನು? ಇಡೀ ಶಹಾಬಾದ ಬಿಟ್ಟು?"

ಶರಣಬಸಮ್ಮ ಕಟ್ಟೆಯಿಂದ ಇಳಿದಳು. ಮೊಣಕಾಲು ಹಿಡಿದುಕೊಂಡು, ನರಳುತ್ತ, ಮೊಮ್ಮಗಳ ಮುಂದೆ ನೆಲದ ಮೇಲೆ ಕೂತಳು. ಚಾಚಿದ ಆ ಕೈಯನ್ನು ಮುಟ್ಟಲಿಲ್ಲ. ಅದರ ಕೆಳಗೆ, ತಾಗದಂತೆ, ತನ್ನ ಅಂಗೈ ಹಿಡಿದಳು, ಬೀಳುವ ಏನನ್ನೋ ಹಿಡಿಯುವವಳಂತೆ. ಹಾಗೇ ಎಷ್ಟೋ ಹೊತ್ತು. ಕೂಸಿನ ಕೈ ತಾನೇ ದಣಿದು, ಒಂದೊಂದೇ ಬೆರಳಾಗಿ ಇಳಿದು, ಅಜ್ಜಿಯ ಅಂಗೈಯಲ್ಲಿ ಬಂದು ಬಿತ್ತು. ಆಮೇಲೆಯೇ ಅದು ಕಣ್ಣು ತೆರೆದದ್ದು.

"ಗಾರಿ ಗಟ್ಟಿ ಆಗಾಕತ್ತದ್ರಿ" ಎಂದಳು ಚಂದ್ರಕಲಾ. ಕೆಲಸದವಳ ಮಾತು, ಹೇಳದೆ ಇರಲಾಗಲಿಲ್ಲ.

"ಆಗ್ಲಿ."

"ಇವತ್ತು ಕೈ ಇಡದಿದ್ರ ಇದನ್ನ ಒಡದು ತಗೀಬೇಕಾಗ್ತದ. ಕಲ್ಲು ಕೂಡಂಗಿಲ್ಲ. ಈ ಕಲ್ಲು ಕೂಡದ ಉಳಿದ ಎಂಟೂ ಕೂಡಂಗಿಲ್ರಿ."

"ನನಗ ಗೊತ್ತದ. ನೀ ಹುಟ್ಟೂಕ್ಕಿಂತ ಮೊದಲಿಂದ ನಿಮ್ಮಪ್ಪನ ಕೆಲಸ ನೋಡೀನಿ ನಾ." ಶರಣಬಸಮ್ಮ ಎದ್ದಳು. ಆಕೆಯ ಕಣ್ಣುಗಳು ಒದ್ದೆಯಾಗಿರಲಿಲ್ಲ, ಕೆಂಪಾಗಿದ್ದವು. "ಹೆದರಿಸಿ ಒತ್ತಿಸಿದ ಕೈ ನೆಲ ಹಿಡಿಯಂಗಿಲ್ಲ. ಈ ಕೂಸು ತಾನಾಗೇ ಬಂದು, ಅಂಗೈ ಕೆಳಗ ಮಾಡಿ, ನೆಲದ ಮ್ಯಾಲ ಇಡೋ ತನಕ ಕಲ್ಲಿಗೆ ಕೈ ಹಚ್ಚಬ್ಯಾಡ. ಆ ತನಕ ಬೋರ್ಡು ಇರ್ಲಿ. ಸಿಟ್ಟು ಇಳದದ ಅಂತ ತಿಳಕೊಂಡಿ ಅಂದ್ರ ನಿನ್ನಂಥ ಮಳ್ಳಿ ಇನ್ನೊಬ್ಬಾಕಿ ಇಲ್ಲ. ನನ್ನ ಮಗನ ಕೈ ತಗದಾಕಿ ನೀ. ಸಾಯೂ ತನಕ ಮರಿಯಂಗಿಲ್ಲ."

"ಮರೀರಿ ಅಂತ ನಾನೂ ಕೇಳಿಲ್ರಿ" ಎಂದಳು ಚಂದ್ರಕಲಾ. ಪುಟ್ಟಿ ಎತ್ತಿಕೊಂಡು, ಬದಿಗೆ ತೆಗೆದ ಉಸುಕನ್ನು ಮತ್ತೆ ಹೊಂಡಕ್ಕೆ ಸುರಿಯತೊಡಗಿದಳು.

ಅವರಿಬ್ಬರ ನಡುವೆ ಅಲ್ಲಿಂದ ಮುಂದೆ ಸ್ನೇಹವೇನೂ ಬೆಳೆಯಲಿಲ್ಲ. ಸಿದ್ಧಲಿಂಗನ ಮಗ ವಾಪಸು ಬರಲಿಲ್ಲ. ಹೋದ ಐದು ಮಕ್ಕಳಲ್ಲಿ ಬಂದದ್ದು ಒಂದೇ. ಅಂಗಡಿಯ ಮುಂದೆ ಹಾದುಹೋಗುವಾಗ ಚಂದ್ರಕಲಾ ಕಂಡರೆ ಸಿದ್ಧಲಿಂಗ ಗಿರಾಕಿಗಳಿಗೆ ಕೇಳುವಂತೆ, "ಉಸುಕಿನ ಯೂನಿವರ್ಸಿಟಿ ಹೊಂಟದ ನೋಡ್ರಿ" ಎನ್ನುತ್ತಾನೆ. ಶರಣಬಸಮ್ಮ ದಿನಕ್ಕೆ ಎರಡು ಸಲವಲ್ಲ, ನಾಲ್ಕು ಸಲ ಅಂಗಳ ತೊಳೆಯುತ್ತಾಳೆ, ಉಸುಕಿನ ಅಂಚಿನವರೆಗೆ ಬಂದು ಸಿಡಿಮಿಡಿಗೊಂಡು ನಿಲ್ಲುತ್ತಾಳೆ. ಒಂದೊಂದು ಕಾಲ ಗುರುತಿಗೂ ಒಂದೊಂದು ಬೈಗುಳ. ಆಕೆ ಕಾನ್ವೆಂಟಿಗೂ ಹೋಗಿ ಒಂದು ದಿನ ಇಡೀ ಬೈದು ಬಂದಳಂತೆ. ಅಲ್ಲಿಯ ಹೆಡ್ ಮಿಸ್ಸು ಬಾಗಿಲು ಹಾಕಿಕೊಂಡು ಕೂತಿದ್ದರೆಂದು ಶಾಂತಕುಮಾರ ಹೇಳುತ್ತಾನೆ. ನೋಡಿದೆಯಾ ಎಂದರೆ, ನೋಡಿಲ್ಲ ಎನ್ನುತ್ತಾನೆ.

ಅಂದಿನಿಂದ ವ್ಯಾನು ಆ ಮನೆಯ ಮುಂದೆ ನಿಲ್ಲುವುದಿಲ್ಲ.

ದಾನೇಶ್ವರಿ ಮೊದಲ ವಾರ ಬೂಟು ಹಾಕಿಕೊಂಡು ಹೊಂಡದ ಅಂಚಿನಲ್ಲಿ ನಿಂತಿತ್ತು. ಯಾರೂ ಕರೆಯಲಿಲ್ಲ. ಕರೆಯಬೇಡಿ ಎಂದು ಚಂದ್ರಕಲಾ ಮಕ್ಕಳಿಗೆ ಹೇಳಿದ್ದಳು. ಎರಡನೇ ವಾರ ಒಂದು ಬೂಟು ಬಿಚ್ಚಿತು. ಒಂದು ಕಾಲು ಉಸುಕಿನಲ್ಲಿ, ಒಂದು ಕಾಲು ಫರ್ಸಿಯ ಮೇಲೆ ಇಟ್ಟುಕೊಂಡು ಕೂರುತ್ತಿತ್ತು. ಯಾರಾದರೂ ಡಬ್ಬಿ ಕೊಡಲು ಕೈ ಎತ್ತಿದರೆ ಅದರ ಅಂಗೈ ತಾನಾಗಿ ಮೇಲಾಗುತ್ತಿತ್ತು. ಡಬ್ಬಿ ಬಂದು ಅಂಗೈಯಲ್ಲಿ ಕೂತಾಗ ಅಚ್ಚರಿಯಿಂದ ನೋಡುತ್ತಿತ್ತು.

ಶ್ರಾವಣ ಮುಗಿಯುತ್ತ ಬಂದ ಒಂದು ದಿನ, ಸಣ್ಣ ಮಳೆಯಾಗಿ ಉಸುಕು ಹದವಾಗಿತ್ತು. ಶರಣಬಸಮ್ಮ ಮಠಕ್ಕೆ ಹೊರಟು ಇಳಕಲ್ಲ ಸೀರೆಯುಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಹೊಂಡದಿಂದ ಎದ್ದು ಓಡಿಬಂದ ದಾನೇಶ್ವರಿ, ಎರಡೂ ಕೈ ಕೆಸರು, ಅಜ್ಜಿಯ ತೊಡೆಯ ಮೇಲೆ ಒಂದು ಅಂಗೈ ಫಟ್ಟನೆ ಬಡಿಯಿತು.

"ಆಯೀ, ನೋಡು, ರೊಟ್ಟಿ!"

ಓಣಿಗೆಲ್ಲ ಕೇಳುವಂತೆ ಬೈಗುಳ ಶುರುವಾಯಿತು. ಸೀರೆಗೆ, ಉಸುಕಿಗೆ, ಹೊಳೆಗೆ, ಹೊಳೆದಂಡೆಯವರಿಗೆ. ಕೂಸು ಹೆದರಲಿಲ್ಲ, ಇನ್ನೊಂದು ರೊಟ್ಟಿ ಬಡಿಯಲು ಓಡಿತು. ಚಂದ್ರಕಲಾ ಗೋಡೆಗೆ ಒರಗಿದ ಕಲ್ಲಿನ ಪಕ್ಕದಲ್ಲಿ ನಿಂತಿದ್ದಳು. ಮಳೆಗೆ ಕೆಮ್ಮಣ್ಣು ಇಳಿದು ಅದರ ಬೆನ್ನಿನ ಒಂಬತ್ತರ ಅಂಕಿ ಅರ್ಧ ಅಳಿಸಿತ್ತು. ಕೇಳುವುದೋ ಬೇಡವೋ ಎಂದು ಸ್ವಲ್ಪ ತಡೆದಳು. ಕೇಳದಿದ್ದರೆ ಅಪ್ಪನ ಕರಣಿಗೆ ಮೋಸ ಮಾಡಿದಂತೆ.

"ಅವ್ವಾರ, ಕೂಸು ತಾನಾಗೇ ಕೈ ಒತ್ಯದ. ಅಂಗೈ ಕೆಳಗೇ ಅದ. ಕಲ್ಲು ಮುಚ್ಚಲೇನ್ರಿ?"

ಶರಣಬಸಮ್ಮ ಬೈಗುಳ ನಿಲ್ಲಿಸಿದಳು. ಸೀರೆಯ ಮೇಲಿನ ಐದು ಬೆರಳಿನ ಗುರುತನ್ನು ನೋಡಿದಳು. ಸೆರಗಿನಿಂದ ಒರೆಸಲು ಹೋದ ಕೈಯನ್ನು ಹಿಂದೆ ತೆಗೆದಳು.

"ಸೀರಿ ಮ್ಯಾಲ ಒತ್ಯದ. ನೆಲದ ಮ್ಯಾಲ ಎಲ್ಲಿ ಒತ್ಯದ? ಇದೆಲ್ಲಾ ನಡಿಯಂಗಿಲ್ಲ. ನಿನ್ನ ಕೆಲಸ ನೀ ನೋಡು ಹೋಗ."

ಹೇಳಿ, ಬಕೀಟು ತೆಗೆದುಕೊಂಡು, ಮೊಮ್ಮಗಳ ಹೆಜ್ಜೆಯ ಗುರುತುಗಳನ್ನು ತೊಳೆಯಲು ಎದ್ದಳು.